ಸ್ಕ್ವಾಟ್ ಮಾಡಿದ ಮೇಲೆ ತೊಡೆ ಹಿಡಿದುಕೊಂಡಿದೆ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ. ಏನು ಮಾಡಲಿ?

ವಿಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಆಫೀಸಿನಲ್ಲಿ ದಿನವಿಡೀ ಕೂತೇ ಕೆಲಸ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ್ದಕ್ಕೆ ಈ ವಾರ ಮನೆ ಹತ್ತಿರದ ಜಿಮ್ ಸೇರಿದೆ. ಮೊದಲ ದಿನವೇ ಸ್ಕ್ವಾಟ್ (ಮಂಡಿ ಬಗ್ಗಿಸಿ ಕೂತು ಏಳೋದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸೋದು), ಹಲಗೆ ಮೇಲೆ ಹತ್ತಿ ಇಳಿಯೋದು ಎಲ್ಲ ಮಾಡಿಸಿದರು. ಅವತ್ತು ಸಂಜೆ ಏನೂ ಅನ್ನಿಸಲಿಲ್ಲ, ಹುಮ್ಮಸ್ಸಲ್ಲೇ ಇದ್ದೆ. ಮಾರನೇ ದಿನ ಎರಡೂ ತೊಡೆ ಬಿಗಿಯಾಯ್ತು. ಇವತ್ತು ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತೋದು ಹೇಗೋ ಆಯ್ತು, ಇಳಿಯೋವಾಗ ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿದೆ. ನೆಲದ ಮೇಲೆ ಕೂತರೆ ಏಳೋಕೆ ಆಗ್ತಿಲ್ಲ.

ಅಮ್ಮ ಎಳ್ಳೆಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ ಅಂತಾರೆ. ಟ್ರೇನರ್ "ನಾಳೆ ಬಂದು ಮತ್ತೆ ಅದನ್ನೇ ಮಾಡಿ, ನೋವು ಮುರಿಯುತ್ತೆ" ಅಂತಾರೆ. ಆಫೀಸಿನಲ್ಲಿ ಲ್ಯಾಕ್ಟಿಕ್ ಆಸಿಡ್ ಕೂತಿದೆ, ನಿಂಬೆಹಣ್ಣಿನ ಜ್ಯೂಸ್ ಕುಡಿದರೆ ಹೋಗುತ್ತೆ ಅಂತಾರೆ. ಯಾರ ಮಾತು ಕೇಳಲಿ? ಬಿಡೋ ಮನಸ್ಸಿಲ್ಲ, ಆದರೆ ಒಳಗೆ ಏನಾದರೂ ಹರಿದುಹೋಗಿದೆಯಾ ಅಂತ ಭಯ.

ಫಿಸಿಯೋ, ರಾಜಾಜಿನಗರ

ಮೇಡಂ, ನೀವು ಬರೆದಿರೋದರಲ್ಲೇ ಉತ್ತರ ಇದೆ. ಅವತ್ತೇ ನೋವಿಲ್ಲ, ಮಾರನೇ ದಿನ ಶುರುವಾಯ್ತು, ಅದರ ಮಾರನೇ ದಿನ ಜಾಸ್ತಿಯಾಯ್ತು, ಎರಡೂ ತೊಡೆ ಒಂದೇ ಥರ ನೋಯ್ತಿದೆ, ಇಳಿಯೋದು ಹತ್ತೋದಕ್ಕಿಂತ ಕಷ್ಟ. ಇದು ತಡವಾಗಿ ಬರುವ ಸ್ನಾಯುನೋವು. ಜಿಮ್‌ಗಳಲ್ಲಿ ಡಾಮ್ಸ್ ಅಂತಾರೆ. ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡನೇ ಮೂರನೇ ದಿನ ತುತ್ತತುದಿಗೆ ಹೋಗಿ, ಐದರಿಂದ ಏಳು ದಿನದಲ್ಲಿ ತಾನಾಗೇ ಇಳಿಯುತ್ತೆ. ಇವತ್ತು ನೀವು ಅದರ ಅತಿ ಕೆಟ್ಟ ದಿನದಲ್ಲಿದ್ದೀರಿ. ನಾಳೆ ನಾಡಿದ್ದರಿಂದ ಕಡಿಮೆಯಾಗೋಕೆ ಶುರುವಾಗಬೇಕು.

ಯಾಕೆ ಬರುತ್ತೆ ಅಂದರೆ: ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುವ ಕೆಲಸ ಇದೆಯಲ್ಲ, ಅದಕ್ಕೆ ನಿಮ್ಮ ತೊಡೆ ಒಗ್ಗಿರಲಿಲ್ಲ. ಸ್ಕ್ವಾಟ್‌ನಲ್ಲಿ ಕೆಳಗೆ ಹೋಗುವಾಗ, ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಮೈಭಾರ ಬೀಳದಂತೆ ಬ್ರೇಕ್ ಹಿಡಿದ ಹಾಗೆ ತಡೆಯುತ್ತೆ. ಆ ತಡೆಯುವ ಕೆಲಸದಲ್ಲೇ ಸ್ನಾಯುವಿನ ಎಳೆಗಳಿಗೆ, ಅದರ ಸುತ್ತಲಿನ ಪೊರೆಗೆ ಸೂಕ್ಷ್ಮ ಪೆಟ್ಟಾಗುತ್ತೆ. ಅದನ್ನು ರಿಪೇರಿ ಮಾಡೋಕೆ ದೇಹ ಅಲ್ಲಿ ಸ್ವಲ್ಪ ಉರಿಯೂತ ಎಬ್ಬಿಸುತ್ತೆ, ನರಗಳು ಸೂಕ್ಷ್ಮವಾಗುತ್ತವೆ. ಅದಕ್ಕೇ ಮುಟ್ಟಿದರೂ ನೋವು. ನೀವು ಹೆದರಿರುವ ಹಾಗೆ ಸ್ನಾಯು ಹರಿದುಹೋಗಿರೋದಲ್ಲ ಇದು. ಅಂಥದ್ದು ವ್ಯಾಯಾಮದ ಮಧ್ಯೆಯೇ ಚಳಕ್ ಅಂತ, ಒಂದೇ ಕಡೆ, ಇಲ್ಲೇ ಅಂತ ಬೆರಳಿಟ್ಟು ತೋರಿಸುವ ಹಾಗೆ ಬರುತ್ತೆ.

ಟ್ರೇನರ್ ಮಾತಿನ ಬಗ್ಗೆ: ನಾಳೆ ಜಿಮ್‌ಗೆ ಹೋಗಿ, ಆದರೆ ಕಾಲಿನ ಅದೇ ವ್ಯಾಯಾಮ ಬೇಡ. ಕೈ, ಬೆನ್ನು ಮಾಡಿ. ಕಾಲಿಗೆ ಹದಿನೈದು ಇಪ್ಪತ್ತು ನಿಮಿಷ ನಿಧಾನ ನಡಿಗೆ ಅಥವಾ ಭಾರ ಇಲ್ಲದ ಸೈಕಲ್ ಸಾಕು. ಮೊದಲ ಐದು ನಿಮಿಷ ಬಿಗಿ ಅನ್ನಿಸುತ್ತೆ, ಆಮೇಲೆ ಸಡಿಲವಾಗುತ್ತೆ. ನಿಲ್ಲಿಸಿದ ಮೇಲೆ ನೋವು ಸ್ವಲ್ಪ ಮರಳುತ್ತೆ, ಅದಕ್ಕೆ ಗಾಬರಿಯಾಗಬೇಡಿ. ಹಾಸಿಗೆ ಹಿಡಿದು ಮಲಗೋದಕ್ಕಿಂತ ಹೀಗೆ ಓಡಾಡಿಕೊಂಡಿರೋದೇ ಮೇಲು.

ಮಲ್ಲೇಶ್ವರಂ ಎಂಟನೇ ಕ್ರಾಸ್

ಲ್ಯಾಕ್ಟಿಕ್ ಆಸಿಡ್ ವಿಷಯ ನೀವು ಹೇಳಲೇ ಇಲ್ಲವಲ್ಲ ಸರ್. ನಮಗೆ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರೂ ಹೇಳಿದ್ದು ಅದನ್ನೇ, ವಿಜ್ಞಾನದ ಪಾಠದಲ್ಲೂ ಅದೇ ಇತ್ತು. ಆಮ್ಲ ಸ್ನಾಯುವಿನಲ್ಲಿ ಉಳಿದುಕೊಳ್ಳುತ್ತೆ, ಅದರಿಂದಲೇ ನೋವು ಅಂತ. ಅದು ಸುಳ್ಳಾ?

ಫಿಸಿಯೋ, ರಾಜಾಜಿನಗರ

ಮರುದಿನದ ನೋವಿಗೆ ಅದು ಕಾರಣವಲ್ಲ ಸರ್. ಜೋರಾಗಿ ಓಡುವಾಗ ಲ್ಯಾಕ್ಟೇಟ್, ಅಂದರೆ ನೀವು ಹೇಳುವ ಲ್ಯಾಕ್ಟಿಕ್ ಆಸಿಡ್ ದೇಹದೊಳಗೆ ಇರುವ ರೂಪ, ಏರೋದು ನಿಜ. ಆದರೆ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದಿರುತ್ತೆ. ಹೃದಯ, ಸ್ನಾಯು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ, ಪಿತ್ತಜನಕಾಂಗ ಅದನ್ನು ಮತ್ತೆ ಸಕ್ಕರೆಯಾಗಿ ಮಾರ್ಪಡಿಸುತ್ತೆ. ಎರಡು ದಿನ ಕೂತಿರೋಕೆ ಅಲ್ಲಿ ಉಳಿದೇ ಇರಲ್ಲ.

1983ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಒಂದಷ್ಟು ಜನರನ್ನು ಟ್ರೆಡ್‌ಮಿಲ್‌ನಲ್ಲಿ ಸಮತಟ್ಟಾಗಿಯೂ ಇಳಿಜಾರಿನಲ್ಲೂ ಓಡಿಸಿದರು. ಸಮತಟ್ಟಾಗಿ ಓಡಿದಾಗ ಲ್ಯಾಕ್ಟೇಟ್ ಏರಿತು, ಆಮೇಲೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲೇ ಇಲ್ಲ, ಮಾರನೇ ದಿನದಿಂದ ಕಾಲು ಹಿಡಿದುಕೊಂಡಿತು. ಇನ್ನೂ ಹಿಂದೆ, 1902ರಲ್ಲೇ, ಅಮೆರಿಕದ ಥಿಯೊಡೋರ್ ಹಫ್ ಅನ್ನೋ ಶರೀರಶಾಸ್ತ್ರಜ್ಞರು ಬೆರಳಿನ ಸ್ನಾಯು ದಣಿಸಿ ನೋಡಿ, ಈ ತಡವಾದ ನೋವು ದಣಿವಿನ ಕಶ್ಮಲದಿಂದಲ್ಲ, ಸ್ನಾಯುವಿನೊಳಗಿನ ಸಣ್ಣ ಸೀಳುಗಳಿಂದ ಇರಬೇಕು ಅಂತ ಬರೆದಿದ್ದರು.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಳಗೆ ಆಮ್ಲ ಕೂತಿದೆ ಅಂದುಕೊಂಡವರು ಅದನ್ನು ಹೊರಗೆ ಹಾಕೋ ಉಪಾಯ ಹುಡುಕಿಕೊಂಡು ಓಡಾಡ್ತಾರೆ: ಜ್ಯೂಸ್, ಪೌಡರ್, ಡಿಟಾಕ್ಸ್ ಅಂತ ದುಡ್ಡು ಸುರಿತಾರೆ. ಹೊರಗೆ ಹಾಕೋದು ಏನೂ ಇಲ್ಲ. ನಿಂಬೆಹಣ್ಣಿನ ಪಾನಕ ಬಾಯಾರಿಕೆಗೆ ಧಾರಾಳವಾಗಿ ಕುಡಿಯಿರಿ.

ಹಳೇ ಪೇಟೆ ಗರಡಿ

ನೋಡಮ್ಮ, ನಾನು ಚಿಕ್ಕಪೇಟೆ ಕಡೆಯವನು, ಈಗ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಗರಡಿ ಮನೆಗೆ ಹೋಗುತ್ತಿದ್ದೆ. ನಿಮ್ಮ ಸ್ಕ್ವಾಟ್ ನಮಗೆ ಬಸ್ಕಿ. ಈ ನೋವು ಗರಡಿಗೆ ಕಾಲಿಟ್ಟ ಪ್ರತಿಯೊಬ್ಬ ಹುಡುಗನೂ ಪಟ್ಟ ನೋವು, ಅದಕ್ಕೇ ಅಲ್ಲಿ ಅದಕ್ಕೊಂದು ಕ್ರಮವೂ ಇತ್ತು.

ಹೊಸಬ ಬಂದರೆ ಕಲಿಸುವ ವಸ್ತಾದರು ಮೊದಲ ದಿನ ಕುಸ್ತಿ ಆಡುವ ಮಟ್ಟಿ ಅಗೆಯೋಕೆ ಹಚ್ಚುತ್ತಿದ್ದರು. ಕೆಮ್ಮಣ್ಣು ಅಗೆದು, ಹದ ಮಾಡಿ, ಮೈ ಬೆಚ್ಚಗಾದ ಮೇಲೆ ಹತ್ತು ಬಸ್ಕಿ, ಐದಾರು ದಂಡ, ಅಷ್ಟೇ. "ಇನ್ನೂ ಹೊಡೀತೀನಿ" ಅಂದರೆ ಬೈಗುಳ. ವಾರ ಕಳೆದ ಮೇಲೆ ಲೆಕ್ಕ ಏರುತ್ತಿತ್ತು. ನೂರಾರು ಬಸ್ಕಿ ಹೊಡೆಯುವ ಹಿರಿಯರು ಪಕ್ಕದಲ್ಲೇ ಇದ್ದರೂ ಅವರ ಲೆಕ್ಕ ನಮಗೆ ಕೊಡುತ್ತಿರಲಿಲ್ಲ. ಬೆಂಗಳೂರು ಕರಗ ಉತ್ಸವದ ವೀರಕುಮಾರರು ಇವತ್ತಿಗೂ ಗರಡಿಯಲ್ಲೇ ಮೈ ಪಳಗಿಸುತ್ತಾರೆ. ಚೈತ್ರ ಹುಣ್ಣಿಮೆಯ ರಾತ್ರಿ ಕತ್ತಿ ಹಿಡಿದು ಬೆಳಗಿನವರೆಗೆ ಪೇಟೆ ಸುತ್ತಬೇಕು ಅಂದರೆ ಅದಕ್ಕೆ ಮೈ ಎಷ್ಟು ದಿನದಿಂದ ಒಗ್ಗಿರಬೇಕು ಯೋಚನೆ ಮಾಡಿ.

ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಮೈ ತಿಕ್ಕುವುದಿತ್ತು. ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಪಾದದಿಂದ ತೊಡೆಯ ಕಡೆಗೆ, ಅಂಗೈಯಿಂದ. ಬೆರಳ ತುದಿಯಿಂದ ಚುಚ್ಚುವುದಲ್ಲ. ಅರ್ಧ ಗಂಟೆ ಬಿಟ್ಟು ಹಂಡೆಯ ಬಿಸಿನೀರು. ಕೈ ಕಾಲು ಹಿಡಿದುಕೊಂಡವರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು. ನಿಮ್ಮ ತಾಯಿಯವರ ಮಾತನ್ನು ತಳ್ಳಿಹಾಕಬೇಡಿ.

ಫಿಸಿಯೋ, ರಾಜಾಜಿನಗರ

ಹಿರಿಯರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಈ ನೋವಿಗೆ ಮಾಡುವ ಉಪಚಾರಗಳನ್ನೆಲ್ಲ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮಸಾಜ್‌ನ ಪರಿಣಾಮವೇ ಎಲ್ಲಕ್ಕಿಂತ ಚೆನ್ನಾಗಿ ಕಾಣಿಸಿದೆ. ಎಣ್ಣೆ ಕೈ ಜಾರೋಕೆ, ಗುಣ ಇರೋದು ಒತ್ತಡದಲ್ಲಿ, ಶಾಖದಲ್ಲಿ. ಒಂದೇ ಎಚ್ಚರಿಕೆ: ನೋವು ಜಾಸ್ತಿ ಇರುವ ಮೊದಲ ಎರಡು ದಿನ ಬಲವಾಗಿ ಹಿಸುಕಬಾರದು. ಹಿತವಾಗಿರುವಷ್ಟೇ ಒತ್ತಬೇಕು. ಕಣ್ಣಲ್ಲಿ ನೀರು ಬರುವ ಹಾಗೆ ತಿಕ್ಕಿದರೆ ಈಗಾಗಲೇ ಪೆಟ್ಟಾದ ಜಾಗಕ್ಕೆ ಇನ್ನೊಂದು ಪೆಟ್ಟು.

ಪೀಣ್ಯ ಎರಡನೇ ಹಂತ

ಅಕ್ಕಾರ, ನಾ ಹುಬ್ಬಳ್ಳಿ ಕಡೆಯಾಂವ. ಇಲ್ಲೆ ಪೀಣ್ಯಾದಾಗ ಫ್ಯಾಕ್ಟರಿ ಕೆಲಸ, ಎಂಟ್ ತಾಸು ನಿಂತ ಮಾಡೂದು. ಸಂಜೀಮುಂದ ಜಿಮ್ಮಿಗೆ ಹೊಂಟೇನಿ, ನನಗೂ ನಿಮ್ಮಂಗ ಕಾಲ್ ಹಿಡ್ಕೊಂಡಾವ. ರೂಮಿನಾಗ ಗೀಜರ್ ಇಲ್ಲ. ಒಬ್ಬಾಂವ ಐಸ್ ಹಾಕಿದ ಬಕೀಟ್ನಾಗ ಕಾಲ್ ಇಡು ಅಂತಾನ, ಇನ್ನೊಬ್ಬಾಂವ ಕಾಸಿದ ನೀರ ಹಾಕ್ಕೊ ಅಂತಾನ. ಯಾವುದು ಛಲೋ ಹೇಳ್ರಿ.

ಫಿಸಿಯೋ, ರಾಜಾಜಿನಗರ

ಎರಡರಿಂದಲೂ ನೋವು ಒಂದಿಷ್ಟು ಕಡಿಮೆಯಾಗುತ್ತೆ ಅಣ್ಣ. ತಣ್ಣೀರು ಅಂದರೆ 10ರಿಂದ 15 ಡಿಗ್ರಿ, ಹತ್ತು ಹದಿನೈದು ನಿಮಿಷ ಕಾಲು ಮುಳುಗಿಸಿ ಕೂರೋದು. ಕ್ರೀಡಾಪಟುಗಳು ಮಾರನೇ ದಿನವೇ ಮತ್ತೆ ಆಡಬೇಕಿದ್ದಾಗ ಇದನ್ನು ಮಾಡ್ತಾರೆ. ಆದರೆ ಮೈ ಕಟ್ಟಬೇಕು ಅಂತ ತೂಕ ಎತ್ತುವವರು ಪ್ರತಿಸಲ ಐಸ್ ನೀರಿನಲ್ಲಿ ಕೂತರೆ ಸ್ನಾಯು ಬೆಳೆಯೋದೇ ಸ್ವಲ್ಪ ಕುಂಠಿತವಾಗಬಹುದು. ನೀವು ಎಂಟು ಗಂಟೆ ನಿಂತು ದುಡಿದು ಬಂದವರು, ಬಕೆಟ್ ಐಸ್‌ಗೆ ದುಡ್ಡು ಖರ್ಚು ಮಾಡಬೇಡಿ. ಸ್ಟೌ ಮೇಲೆ ಒಂದು ಪಾತ್ರೆ ನೀರು ಕಾಯಿಸಿ, ಟವೆಲ್ ಅದ್ದಿ ಹಿಂಡಿ ತೊಡೆ ಮೇಲೆ ಹಾಕಿಕೊಳ್ಳಿ. ಚರ್ಮ ಸುಡದ ಹಾಗೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿರುವವರು ಐಸನ್ನೂ ಬಿಸಿಯನ್ನೂ ತಾವೇ ಪ್ರಯೋಗ ಮಾಡಬಾರದು.

ಆಮೇಲೆ, ಎಂಟು ಗಂಟೆ ನಿಂತ ದಿನ ಕಾಲಿನ ವ್ಯಾಯಾಮ ಇಟ್ಟುಕೊಳ್ಳಬೇಡಿ. ರಜೆಯ ದಿನಕ್ಕೆ ಹಾಕಿಕೊಳ್ಳಿ.

ಕಬ್ಬನ್ ಪಾರ್ಕ್ ಓಟ

ನಾನು ಓಟದವಳು, ಇಳಿಜಾರಿನ ಬಗ್ಗೆ ಒಂದು ಮಾತು. ನಂದಿ ಬೆಟ್ಟ 1478 ಮೀಟರ್ ಎತ್ತರ, ಹೊಸಬರು ಮೆಟ್ಟಿಲು ಹತ್ತೋದಕ್ಕೆ ಹೆದರ್ತಾರೆ. ಉಸಿರು ಕಟ್ಟೋದು ಹತ್ತುವಾಗ ನಿಜ, ಆದರೆ ಮಾರನೇ ದಿನ ಮಲಗಿಸೋದು ಇಳಿದದ್ದು. ಫಿಸಿಯೋ ಅವರು ಹೇಳಿದ ಕಾರಣವೇ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ 10ಕೆ ಹತ್ತಿರ ಬಂದಾಗ ಹೊಸದಾಗಿ ಓಡೋಕೆ ಬರುವವರಿಗೆ ನಾವು ಮೊದಲ ವಾರಗಳಲ್ಲಿ ಫ್ಲೈಓವರ್, ಇಳಿಜಾರು ಬೇಡ ಅಂತೀವಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡಲ್ಲ, ಅಲ್ಲಿ ಬಂದು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ ಅಂತ ಹೇಳಿಕೊಡ್ತೀವಿ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳೋದೇ ಇಲ್ಲ, ನನಗೆ ಅದೇ ಬೇಜಾರು. ಒಂದು ಸಲ ಈ ನೋವು ಬಂದು ಹೋದ ಮೇಲೆ ಅದೇ ವ್ಯಾಯಾಮವನ್ನು ಒಂದೆರಡು ವಾರದೊಳಗೆ ಮತ್ತೆ ಮಾಡಿದರೆ ನೋವು ತುಂಬಾ ಕಡಿಮೆ ಇರುತ್ತೆ. ಸ್ನಾಯು ಆ ಒಂದೇ ಸಲದಲ್ಲಿ ಪಾಠ ಕಲಿತಿರುತ್ತೆ, ಆ ರಕ್ಷಣೆ ಎಷ್ಟೋ ವಾರ ಉಳಿಯುತ್ತೆ. ಎಷ್ಟೋ ಜನ ಜನವರಿಯಲ್ಲಿ ದುಡ್ಡು ಕಟ್ಟಿ, ಮೊದಲ ವಾರದ ನೋವಿಗೆ ಹೆದರಿ, "ಇದು ನನ್ನ ಮೈಗೆ ಆಗಲ್ಲ" ಅಂತ ನಿಲ್ಲಿಸಿಬಿಡ್ತಾರೆ. ಅತಿ ಕಷ್ಟದ ವಾರ ಕಳೆದು, ಅದರ ಫಲ ಸಿಗೋ ಹೊತ್ತಿಗೆ ಬಿಟ್ಟು ಹೋಗ್ತಾರೆ. ತುಂಬಾ ತಿಂಗಳು ಬಿಟ್ಟು ಮತ್ತೆ ಬಂದರೆ ಮತ್ತೆ ನೋವು. ದಯವಿಟ್ಟು ನೀವು ಬಿಡಬೇಡಿ.

ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಇದ್ದರೆ ತೊಡೆಗೆ ಒಂದೆರಡು ನಿಮಿಷ ಉರುಳಿಸಿ, ಸ್ವಲ್ಪ ಹಗುರವಾಗುತ್ತೆ. ಇಲ್ಲದಿದ್ದರೆ ಮೀನಖಂಡಕ್ಕೆ ಅಡುಗೆಮನೆ ಲಟ್ಟಣಿಗೆ ಸಾಕು. ಮೊಣಕಾಲ ಚಿಪ್ಪಿನ ಮೇಲೆ, ಮೂಳೆ ಮೇಲೆ ಉರುಳಿಸಬಾರದು.

ಸ್ಯಾಂಕಿ ಕೆರೆ ಯೋಗ

ಸ್ಟ್ರೆಚಿಂಗ್ ಮಾಡಿದರೆ ಈ ನೋವೇ ಬರಲ್ಲ ಅಂತಾರಲ್ಲ? ರಥಸಪ್ತಮಿಗೆ 108 ಸೂರ್ಯನಮಸ್ಕಾರ ಮಾಡಿದವರಲ್ಲಿ ಅರ್ಧ ಜನಕ್ಕೆ ಮಾರನೇ ದಿನ ತೋಳು ಎತ್ತೋಕೆ ಆಗಲ್ಲ. ಅದರಲ್ಲಿ ಬರೀ ಸ್ಟ್ರೆಚಿಂಗೇ ಅಲ್ಲವಾ?

ಫಿಸಿಯೋ, ರಾಜಾಜಿನಗರ

ಸೂರ್ಯನಮಸ್ಕಾರದಲ್ಲಿ ಮೈಯನ್ನು ನಿಧಾನವಾಗಿ ನೆಲದ ಕಡೆಗೆ ಇಳಿಸುವ ಹಂತ ಇದೆಯಲ್ಲ, ಅಲ್ಲಿ ಎದೆ, ತೋಳು, ಭುಜ ಪೂರ್ತಿ ಭಾರ ತಡೆಯುತ್ತವೆ. ದಿನಾ ಮಾಡಿ ಒಗ್ಗಿದವರಿಗೆ 108 ಅಷ್ಟು ಭಾರ ಅನ್ನಿಸಲ್ಲ. ವರ್ಷಕ್ಕೊಂದೇ ದಿನ ಮಾಡುವವರಿಗೆ ಅದು ಭಾರವೇ. ಹಬ್ಬಕ್ಕೆ ಮಾಡುವ ಆಸೆ ಇದ್ದರೆ ಒಂದು ತಿಂಗಳು ಮುಂಚೆ ಶುರು ಮಾಡಿ.

ಸ್ಟ್ರೆಚಿಂಗ್ ಬಗ್ಗೆ ಸಾಕಷ್ಟು ಪರೀಕ್ಷೆಗಳಾಗಿವೆ. ಮುಂಚೆ ಮಾಡಲಿ, ಆಮೇಲೆ ಮಾಡಲಿ, ಮರುದಿನದ ನೋವಿನಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸ ಆಗಲ್ಲ. ಮೈ ಬಾಗೋಕೆ, ಮನಸ್ಸಿಗೆ ಹಿತವಾಗೋಕೆ ಮಾಡಿ. ನೋಯುವ ಸ್ನಾಯುವನ್ನು ಜಗ್ಗಿ ಹಿಡಿಯಬೇಡಿ.

ಮೆಡಿಕಲ್ ಶಾಪ್, ಬನಶಂಕರಿ

ಯಾರೂ ಮಾತ್ರೆ ವಿಷಯ ಎತ್ತಿಲ್ಲ, ಆದರೆ ಅಂಗಡಿಗೆ ಬಂದು "ಜಿಮ್ ನೋವಿಗೆ ಒಂದು ಸ್ಟ್ರಿಪ್ ಕೊಡಿ" ಅನ್ನೋರು ದಿನಾ ಇದ್ದಾರೆ. ಈ ನೋವಿಗೆ ಬಹಳ ಸಲ ಮಾತ್ರೆಯೇ ಬೇಡ. ನಿದ್ದೆ ಬಾರದಷ್ಟು ಇದ್ದರೆ ಒಂದೆರಡು ಹೊತ್ತು ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಇವನ್ನೆಲ್ಲ ಖಾಲಿ ಹೊಟ್ಟೆಯಲ್ಲಿ ತಗೋಬಾರದು. ಬೆವರು ಸುರಿಸಿ, ನೀರು ಕುಡಿಯದೆ ಇರುವಾಗ ತಗೊಂಡರೆ ಕಿಡ್ನಿಗೆ ಹೊರೆ. ಬಿ.ಪಿ., ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಅಸ್ತಮಾ ಇರುವವರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಸ್ಟ್ರಿಪ್ ಹಿಂದೆ ಬರೆದಿರೋದನ್ನು ಓದಿ. ನೋವಿನ ಮಾತ್ರೆಗಳಲ್ಲಿ ಎಷ್ಟೋ ಈಗಾಗಲೇ ಪ್ಯಾರಾಸಿಟಮಾಲ್ ಸೇರಿಸಿಯೇ ಬರುತ್ತವೆ. ಅದರ ಜೊತೆ ಜ್ವರದ ಮಾತ್ರೆ ಬೇರೆ ನುಂಗಿದರೆ ಒಂದೇ ಔಷಧಿ ಎರಡು ಪಾಲು ಆಗುತ್ತೆ, ಲಿವರ್‌ಗೆ ಅಪಾಯ. ನೋವಿನ ಜೆಲ್ ಹಚ್ಚಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ. ನೋವು ಬರದಿರಲಿ ಅಂತ ವ್ಯಾಯಾಮಕ್ಕೆ ಮುಂಚೆಯೇ ಮಾತ್ರೆ ನುಂಗುವ ಅಭ್ಯಾಸ ಹುಡುಗರಲ್ಲಿ ಕಾಣ್ತಿದೆ, ಅದನ್ನು ನಿಲ್ಲಿಸಿ. ನಿಜವಾದ ಗಾಯದ ನೋವೂ ಆಗ ಗೊತ್ತಾಗಲ್ಲ.

ಬಸವನಗುಡಿ ಅಡುಗೆಮನೆ

ಊಟದ ಬಗ್ಗೆ ನಾನು ಬರೀತೀನಿ. ಯಾವ ಊಟವೂ ನೋವನ್ನು ರಾತ್ರೋರಾತ್ರಿ ತೆಗೆಯಲ್ಲ, ಆದರೆ ರಿಪೇರಿಗೆ ಸಾಮಾನು ಬೇಕಲ್ಲ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿರೋ ಪ್ರಕಾರ ಸಾಮಾನ್ಯ ವಯಸ್ಕರಿಗೆ ಕಿಲೋ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಎತ್ತುವ ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಹೆಚ್ಚು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಉಪ್ಪಿಟ್ಟು ತಿಂದರೆ ಅಷ್ಟು ಸೇರೋದೇ ಇಲ್ಲ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ. ಮೊಳಕೆ ಕಟ್ಟಿದ ಹುರುಳಿ ಸಾರು, ರಾಗಿ ಮುದ್ದೆ ವಾರಕ್ಕೆರಡು ಸಲ ಮಾಡಿ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರು, ಬೇರೆ ದಿನ ಹೆಸರುಕಾಳು ಉಸಲಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ. ಒಂದು ಮೊಟ್ಟೆಗೆ ಆರು ಗ್ರಾಂ. ಅರಿಶಿನದ ಹಾಲು ಕುಡಿಯಿರಿ. ಅರಿಶಿನದ ಸತ್ವ ಸಾಂದ್ರವಾಗಿ ಕೊಟ್ಟು ನೋಡಿದ ಕೆಲವು ಸಣ್ಣ ಪರೀಕ್ಷೆಗಳಲ್ಲಿ ನೋವು ಸ್ವಲ್ಪ ಇಳಿದಿದೆ. ಲೋಟಕ್ಕೆ ಚಿಟಿಕೆ ಹಾಕೋ ನಮ್ಮ ಹಾಲಿನಿಂದ ಅಷ್ಟು ನಿರೀಕ್ಷೆ ಬೇಡ, ಆದರೆ ಬೆಚ್ಚಗೆ ಕುಡಿದು ಬೇಗ ಮಲಗಿದರೆ ಆ ನಿದ್ದೆಯೇ ಲಾಭ.

ಎಮರ್ಜೆನ್ಸಿ ನರ್ಸ್

ಇದನ್ನು ಎಲ್ಲರೂ ಓದಲೇಬೇಕು ಅಂತ ಬರೀತಿದ್ದೇನೆ. ವ್ಯಾಯಾಮದ ಮಾರನೇ ದಿನವೋ ಅದರ ಮಾರನೇ ದಿನವೋ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಅಥವಾ ತೋಳು ಊದಿ ಗಟ್ಟಿಯಾದರೆ, ಕೈ ಮಡಚೋಕೆ, ಕಾಲು ಎತ್ತೋಕೆ ಬಲವೇ ಇಲ್ಲದಂತಾದರೆ, ಮೂತ್ರವೇ ಕಡಿಮೆಯಾದರೆ, ಎಣ್ಣೆ ಹಚ್ಚುತ್ತಾ ಮನೆಯಲ್ಲಿ ಕೂರಬೇಡಿ. ಸ್ನಾಯು ಮಿತಿಮೀರಿ ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಹಾನಿ ಮಾಡುವ ಸ್ಥಿತಿ ಅದು. ರಾಬ್ಡೋಮಯೋಲಿಸಿಸ್ ಅಂತಾರೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಕ್ರಿಯೇಟಿನ್ ಕೈನೇಸ್ (ಸ್ನಾಯು ಒಡೆದಾಗ ಏರುವ ಅಂಶ), ಕಿಡ್ನಿ ಪರೀಕ್ಷೆ ಮಾಡಿ ಡ್ರಿಪ್ ಹಾಕುತ್ತಾರೆ. ಬೇಗ ಬಂದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮೊದಲ ದಿನವೇ ಪಂತ ಕಟ್ಟಿ ನೂರಾರು ಸ್ಕ್ವಾಟ್ ಮಾಡುವವರು, ಬಿಸಿಲಲ್ಲಿ ನೀರಿಲ್ಲದೆ ಓಡುವವರು, ಹಿಂದಿನ ರಾತ್ರಿ ಕುಡಿದು ಬೆಳಗ್ಗೆ ಜಿಮ್‌ಗೆ ಬರುವವರು ಹುಷಾರಾಗಿರಿ.

ಇನ್ನೊಂದು. ಎದೆ ನೋವನ್ನು "ಪುಶಪ್ ಮಾಡಿದ್ದಕ್ಕೆ ಇರಬೇಕು" ಅಂತ ತಳ್ಳಿಹಾಕಬೇಡಿ. ನಡೆದರೆ ಜಾಸ್ತಿಯಾಗುವ ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು, ಏದುಸಿರು ಇದ್ದರೆ 108ಕ್ಕೆ ಫೋನ್ ಮಾಡಿ. ಒಂದೇ ಮೀನಖಂಡ ಊದಿ ಕೆಂಪಾಗಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಲೇಬಾರದು.

ವಿಜಯನಗರ ನಿವಾಸಿ

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಮನಸ್ಸು ತುಂಬಿ ಬಂತು. ಮೂತ್ರದ ಬಣ್ಣ ಮಾಮೂಲಿಯಾಗಿದೆ, ಊತ ಇಲ್ಲ. ಸಂಜೆ ಅಮ್ಮನ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿದೆ, ಬಿಗಿ ಸ್ವಲ್ಪ ಬಿಟ್ಟಿದೆ. ಮುಂದಿನ ಸಲ ಕಾಲಿನ ದಿನಕ್ಕೆ ಎಷ್ಟು ಮಾಡಬೇಕು ಹೇಳಿ. ಇನ್ನೊಂದು ಪ್ರಶ್ನೆ: ಅಪ್ಪನಿಗೆ 67, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತಗೋತಾರೆ. ನನ್ನ ನೋಡಿ ಅವರೂ ಲಾಲ್‌ಬಾಗ್‌ಗೆ ವಾಕಿಂಗ್ ಹೋಗ್ತೀನಿ ಅಂತಿದ್ದಾರೆ. ಅವರಿಗೂ ಇದೇ ಸಲಹೆ ಆಗುತ್ತಾ?

ಫಿಸಿಯೋ, ರಾಜಾಜಿನಗರ

ನಿಮಗೆ: ಕೂತು ಏಳುವಾಗ ನೋವು ಮುಕ್ಕಾಲು ಪಾಲು ಇಳಿದ ಮೇಲೆ ಕಾಲಿನ ದಿನ ಇಟ್ಟುಕೊಳ್ಳಿ. ಮೊದಲ ದಿನ ಮಾಡಿದ್ದರ ಅರ್ಧ ಮಾಡಿ, ತೂಕ ಹಿಡಿಯಬೇಡಿ. ಕುರ್ಚಿ ಎತ್ತರದವರೆಗೆ ಮಾತ್ರ ಇಳಿಯಿರಿ. ಇನ್ನೂ ಎರಡು ಸಲ ಮಾಡಬಹುದಿತ್ತು ಅನ್ನುವಾಗಲೇ ನಿಲ್ಲಿಸಿ. ಮಾರನೇ ದಿನ ಸ್ವಲ್ಪ ಬಿಗಿ ಇದ್ದು ಮೆಟ್ಟಿಲು ಇಳಿಯೋಕೆ ಆದರೆ ಅದೇ ನಿಮ್ಮ ಸರಿಯಾದ ಅಳತೆ, ಅಲ್ಲಿಂದ ವಾರ ವಾರ ಸ್ವಲ್ಪ ಏರಿಸಿ. ಮುಂದೆ ಒಂದು ದಿನ ನೋವೇ ಬರಲ್ಲ. ಆಗ ವ್ಯಾಯಾಮ ಕೆಲಸ ಮಾಡ್ತಿಲ್ಲ ಅಂದುಕೊಳ್ಳಬೇಡಿ. ಶಕ್ತಿ ಬೆಳೆಯೋಕೆ ನೋವು ಬರಲೇಬೇಕು ಅಂತಿಲ್ಲ.

ಜನರಲ್ ಮೆಡಿಸಿನ್ ವೈದ್ಯೆ

ತಂದೆಯವರ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ನಡಿಗೆ ಖಂಡಿತ ಒಳ್ಳೆಯದು, ಆದರೆ ಶುರು ಮಾಡುವ ಮುಂಚೆ ಒಮ್ಮೆ ಅವರ ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಇದ್ದವರಿಗೆ, ನಡೆದಾಗ ಎದೆ ಹಿಡಿಯುವವರಿಗೆ ಇದು ಕಡ್ಡಾಯ. ಸ್ಟ್ಯಾಟಿನ್ ತೆಗೆದುಕೊಳ್ಳುವ ಕೆಲವರಲ್ಲಿ ಆ ಮಾತ್ರೆಯಿಂದಲೇ ತೊಡೆ, ಮೀನಖಂಡ, ಸೊಂಟದ ಸ್ನಾಯುಗಳು ಎರಡೂ ಕಡೆ ನೋಯುವುದುಂಟು. ವ್ಯಾಯಾಮದ ನೋವಾದರೆ ಒಂದು ವಾರದಲ್ಲಿ ಇಳಿಯಬೇಕು. ಇಳಿಯದೆ ಉಳಿದರೆ, ಅಥವಾ ಕುರ್ಚಿಯಿಂದ ಏಳೋಕೆ ಬಲ ಸಾಲದಾದರೆ, ರಕ್ತ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್, ವಿಟಮಿನ್ ಡಿ ಕೊರತೆಯನ್ನೂ ನೋಡಬೇಕಾಗುತ್ತದೆ. ಯಾರೋ ಹೇಳಿದರು ಅಂತ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಪ್ರಮಾಣ ಬದಲಿಸುವುದು, ಬೇರೆ ಸ್ಟ್ಯಾಟಿನ್‌ಗೆ ಹೋಗುವುದು ಡಾಕ್ಟರ್ ಜೊತೆ ಕೂತು ತೀರ್ಮಾನಿಸುವ ವಿಷಯ.

ಲಾಲ್‌ಬಾಗ್‌ನಲ್ಲಿ ಮೊದಲ ಎರಡು ವಾರ ಸಮತಟ್ಟಾದ ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಡೆಯಲಿ, ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಕೆಂಪೇಗೌಡ ಗೋಪುರದ ಬಂಡೆ ಹತ್ತುವುದು ಆಮೇಲೆ. ಹತ್ತಿದ ಮೇಲೆ ಇಳಿಯಲೇಬೇಕಲ್ಲ, ಆ ಇಳಿಜಾರಿಗೆ ಕಾಲು ತಯಾರಾಗಿರಲಿ. ಗ್ರಿಪ್ ಇರುವ ಶೂ ಹಾಕಿಸಿ, ಫೋನ್ ಜೇಬಿನಲ್ಲಿರಲಿ.